ನಮ್ಮ ಬೀದಿಯ ಗಿಡಗಳ ಪಾದಯಾತ್ರೆ

ನನಗೊಂದು ಕಾಯಿಲೆ ಇದೆ. ಬಿ.ಪಿ.ಯೂ ಅಲ್ಲ, ಸಕ್ಕರೆಯೂ ಅಲ್ಲ, ಉಮೇದು. ವರ್ಷದಲ್ಲಿ ಹತ್ತು ಹನ್ನೊಂದು ತಿಂಗಳು ನಾನು ಎಲ್ಲರಂತೆ ಮಜ್ಜಿಗೆ ಅನ್ನ ಉಂಡು ಮಲಗುವ ಸಾಧು ಮನುಷ್ಯ. ಆದರೆ ಯಾವುದೋ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ, ಲೋಕಕ್ಕೆ ಏನಾದರೂ ಒಳ್ಳೆಯದು ಮಾಡಬೇಕೆಂಬ ಯೋಚನೆ ಬಂದುಬಿಟ್ಟರೆ ಮುಗಿಯಿತು, ಬಾಯಿ ಮುಕ್ಕಳಿಸುವಷ್ಟರಲ್ಲಿ ಯೋಜನೆ ತಯಾರಾಗಿರುತ್ತದೆ. ಹಿಂದೊಮ್ಮೆ ಹೀಗೇ ಬಂದಾಗ ಜೇನುಪೆಟ್ಟಿಗೆ ತಂದಿಟ್ಟು, ಜೇನು ಬರುವ ಮೊದಲೇ ಬಾಟಲಿಗಳಿಗೆ ಚೀಟಿ ಬರೆದು ಅಂಟಿಸಿದ್ದೆ. ಹುಳುಗಳು ಒಂದು ವಾರ ನನ್ನ ಮುಖ ನೋಡಿ ಎದ್ದು ಹೋದವು. ಆ ಬಾಟಲಿಗಳಿಗೆ ನನ್ನ ಹೆಂಡತಿ ಮಹದೇವಮ್ಮ ಉಪ್ಪಿನಕಾಯಿ ತುಂಬಿದಳು. ಇವತ್ತಿಗೂ ಊಟಕ್ಕೆ ಕೂತರೆ, ‘ಶುದ್ಧ ಜೇನುತುಪ್ಪ’ ಎಂದು ನನ್ನದೇ ಮುದ್ದಾದ ಅಕ್ಷರದಲ್ಲಿ ಬರೆದ ಬಾಟಲಿಯಿಂದ ನಿಂಬೆಕಾಯಿ ಹೋಳು ಎಲೆಗೆ ಬೀಳುತ್ತದೆ.

ಅಕ್ಷರ ಮುದ್ದಾಗಿರಲು ಕಾರಣ, ನಾನು ಕೊಳ್ಳೇಗಾಲದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮೂವತ್ತು ವರ್ಷ ಮಕ್ಕಳಿಗೆ ಮರ ಬರೆಯುವುದನ್ನು ಕಲಿಸಿದ್ದೇನೆ. ಒಂದು ಮರವನ್ನೂ ಬೆಳೆಸಿಲ್ಲ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಒಂದನ್ನು ಕೊಂದಿದ್ದೇನೆ ಕೂಡ. ನಮ್ಮ ಬೀದಿಯ ಪೂರ್ವದ ತುದಿಯಲ್ಲಿ, ಮೂಲೆಯ ಮುಕ್ಕೋಣದ ಜಾಗದಲ್ಲಿ, ಒಂದು ದೊಡ್ಡ ಹೊಂಗೆ ಮರವಿತ್ತು. ಅದರ ನೆರಳಲ್ಲಿ ಸ್ಕೂಟರು ನಿಲ್ಲಿಸಲು ನೆಲ ಏರುಪೇರಾಗಿದೆ ಎಂದು ನಾವೇ ಬೀದಿಯವರೆಲ್ಲ ಸೇರಿ ಅದರ ಬುಡಕ್ಕೆ ಒತ್ತಿ ಕಾಂಕ್ರೀಟು ಹಾಕಿಸಿದೆವು. ಕಾಂಡಕ್ಕೆ ಇದ್ದಬದ್ದವರೆಲ್ಲ ಬೋರ್ಡು ಹೊಡೆದರು. ಅವುಗಳಲ್ಲಿ ಎಲ್ಲಕ್ಕಿಂತ ಅಂದವಾಗಿದ್ದದ್ದು ‘ಇಲ್ಲಿ ಚಿತ್ರಕಲೆ ಹೇಳಿಕೊಡಲಾಗುವುದು’ ಎಂಬುದು. ಅದು ಯಾರದೆಂದು ಹೇಳಬೇಕಾಗಿಲ್ಲ. ನಾಲ್ಕು ಮೊಳೆ ಹೊಡೆದಿದ್ದೆ. ಎರಡು ಬೇಸಿಗೆಗೆ ಮರ ಒಣಗಿತು, ಮೂರನೆಯದರಲ್ಲಿ ಒಂದು ಗಾಳಿಗೆ ಮಗುಚಿಕೊಂಡಿತು.

ಮರ ಹೋದದ್ದರಿಂದ ನಮಗೆ ಆದ ನಷ್ಟವೆಂದರೆ ಸ್ಕೂಟರಿನ ಸೀಟು ಕಾಯುವುದು, ಅಷ್ಟೆ. ನಿಜವಾದ ನಷ್ಟ ಆದದ್ದು ಚಿಕ್ಕತಾಯಮ್ಮನಿಗೆ. ಅವಳು ಲೊಕ್ಕನಹಳ್ಳಿ ಕಡೆಯವಳು, ಈಗ ಮಗಳ ಜೊತೆ ಇಲ್ಲೇ ಊರಾಚೆ ಇದ್ದಾಳೆ. ಬೆಳಿಗ್ಗೆ ಆರಕ್ಕೆ ಸೊಪ್ಪಿನ ಪುಟ್ಟಿ ಹೊತ್ತು ಬಂದು ಆ ಹೊಂಗೆಯ ಬುಡದಲ್ಲಿ ಕೂತರೆ ಮಧ್ಯಾಹ್ನದವರೆಗೆ ದಂಟು, ಕೀರೆ, ಕೊತ್ತಂಬರಿ ಮಾರುತ್ತಿದ್ದಳು. ಮರ ಬಿದ್ದಮೇಲೂ ಅದೇ ಜಾಗಕ್ಕೆ ಬಂದು ಕೂತಳು. ಗಿರಾಕಿ ಬರುವುದು ಆ ಮೂಲೆಗೇ ಅಲ್ಲವೇ? ಕಡ್ಡಿ ಮುರಿದ ಕೊಡೆಯೊಂದನ್ನು ಹಿಡಿದಿದ್ದಳು. ಅದನ್ನೂ ತನ್ನ ತಲೆಗಲ್ಲ, ಸೊಪ್ಪಿಗೆ. ಸೊಪ್ಪು ಬಾಡಿದರೆ ಯಾರು ಕೊಳ್ಳುತ್ತಾರೆ? ಒಂದು ದಿನ ನಾನು ಕೊತ್ತಂಬರಿ ಕೊಳ್ಳಲು ಬಗ್ಗಿದಾಗ ಅವಳ ನೆತ್ತಿ ಮುಟ್ಟಿದರೆ ಸುಡುವಂತಿತ್ತು. ನಾಲ್ಕು ಮೊಳೆ ನೆನಪಾದವು.

“ಚಿಕ್ಕತಾಯಮ್ಮ, ನಿನಗೆ ನಾನು ಮತ್ತೆ ನೆರಳು ಮಾಡಿಕೊಡ್ತೀನಿ” ಎಂದೆ.

“ಮಾಡ್ಕೊಡಿ ಸಾ,” ಎಂದಳು. “ನಾ ಇರಾಗಂಟ ಬಂದ್ರೆ ಕುಂತ್ಕತೀನಿ. ಈಗ ಕಟ್ಟು ಎಲ್ಡು ತಕಂಡೋಗಿ.”

ಮಾರನೆಯ ಬೆಳಿಗ್ಗೆ ಹಲ್ಲುಜ್ಜುವಾಗ ಉಮೇದು ಬಂತು. ಬರೀ ಒಂದು ಮರವೇಕೆ? ಇಡೀ ಬೀದಿ! ನಮ್ಮ ಬೀದಿ ಪಶ್ಚಿಮದಿಂದ ಪೂರ್ವಕ್ಕೆ, ಹನೂರು ರಸ್ತೆಯ ಕಡೆಗೆ ಸ್ವಲ್ಪ ಇಳಿಜಾರಾಗಿ ಹೋಗುತ್ತದೆ. ಒಂದು ಬದಿಗೆ ಹನ್ನೆರಡು ಮನೆ. ಇನ್ನೊಂದು ಬದಿಗೆ ಮೋರಿ, ಕರೆಂಟು ಕಂಬ. ಹನ್ನೆರಡು ಮನೆಯ ಕಡೆಯೂ ಸಾಲಾಗಿ ಮರ ಬಂದರೆ ಮಾದಪ್ಪನ ಬೆಟ್ಟಕ್ಕೆ ಜಾತ್ರೆಗೆಂದು ನಡೆದು ಹೋಗುವ ಪರಸೆಯವರು ಕೂಡ ದಾರಿ ತಪ್ಪಿ ನಮ್ಮ ಬೀದಿಗೆ ಬರಬೇಕು, ಹಾಗೆ! ಡ್ರಾಯಿಂಗ್ ಹಾಳೆ ಹರವಿ ನಕ್ಷೆ ಬರೆದೆ. ಒಂದೊಂದು ಸೈಟು ಮೂವತ್ತು ಅಡಿ ಅಗಲ, ಆದ್ದರಿಂದ ಮೂವತ್ತು ಅಡಿಗೊಂದು ಗಿಡ. ಮರಗಳಿಗೆ ಹಸಿರು ಬಣ್ಣ ತುಂಬಿದೆ, ನೆರಳಿಗೆ ನೀಲಿ. ಮೂಲೆಯಲ್ಲಿ ಪುಟ್ಟಿ ಇಟ್ಟುಕೊಂಡು ಕೂತ ಒಬ್ಬ ಮುದುಕಿಯನ್ನೂ ಬರೆದೆ. ಮಹದೇವಮ್ಮ ನೋಡಿ, “ಚಿತ್ರ ಚೆನ್ನಾಗದೆ. ಇಷ್ಟಕ್ಕೇ ನಿಲ್ಸಿಬುಟ್ರೆ ಇನ್ನೂ ಚೆನ್ನಾಗಿರ್ತದೆ ಕಣ್ರಿ” ಎಂದಳು.

ನಿಲ್ಲಿಸುವುದುಂಟೆ? ಯಳಂದೂರು ರಸ್ತೆಯ ನರ್ಸರಿಗೆ ಹೋದೆ. ಅಲ್ಲಿ ಗಿಡ ನೋಡಿಕೊಳ್ಳುವ ನಾಗೇಂದ್ರ ನನ್ನ ಹಳೆಯ ಶಿಷ್ಯ. ಎಂಟನೇ ಕ್ಲಾಸಿನಲ್ಲಿ ಆನೆ ಬರೆ ಎಂದರೆ ಹಂದಿ ಬರೆಯುತ್ತಿದ್ದವನು. ಅವನು ಆರು ಹೊಂಗೆ, ನಾಲ್ಕು ಬೇವು, ಎರಡು ನೇರಳೆ ಆರಿಸಿ ಕೊಟ್ಟ. “ಸಾ, ಸುಮ್ನೆ ಈಸ್ಕಂಡೋಗಿ ಒಣುಗ್ಸೋರೇ ಜಾಸ್ತಿ. ನೀವು ಅಂತ ಕೊಡ್ತಾವ್ನಿ. ಒಂದು ತಿಂಗ್ಳು ಬುಟ್ಟು ನಾನೇ ಬಂದು ನೋಡ್ತೀನಿ” ಎಂದ. ಮೊದಲ ಮಳೆ ಬಿದ್ದ ವಾರದಲ್ಲಿ ಹಗ್ಗ ಹಿಡಿದು, ಅಳತೆ ಮಾಡಿ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಹನ್ನೆರಡು ಗುಂಡಿ ತೋಡಿಸಿದೆ. ಬೀದಿಯವರೆಲ್ಲ ಬಂದರು. ಪಕ್ಕದ ಮನೆಯ ಗುರುಮಲ್ಲಪ್ಪನವರು, ಹಾರ್ಡ್‌ವೇರ್ ಅಂಗಡಿಯವರು, ಎಲ್ಲರಿಗೂ ಟೀ ತರಿಸಿದರು. ನಾನು ತಗಡಿನ ಚೂರುಗಳ ಮೇಲೆ ಬಣ್ಣದಲ್ಲಿ ಒಂದರಿಂದ ಹನ್ನೆರಡರವರೆಗೆ ನಂಬರು ಬರೆದು ಗಿಡಗಳಿಗೆ ಕಟ್ಟಿದೆ. ಬೀದಿಯ ತುದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿದರೆ ಹನ್ನೆರಡೂ ಒಂದೇ ಗೆರೆಯಲ್ಲಿದ್ದವು. ಸಂತೋಷದಲ್ಲಿ ನನ್ನ ಕಣ್ಣಲ್ಲಿ ನೀರು ಬಂತು, ನಿಜವಾಗಿಯೂ ಬಂತು. ಮೂಲೆಯ ಗುಂಡಿ ಮಾತ್ರ ತೋಡಲಿಲ್ಲ. ಅಲ್ಲಿ ಬಿದ್ದಿದ್ದ ಕಾಂಕ್ರೀಟು ಎತ್ತಿಸಬೇಕಿತ್ತು, ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡೆ. ಯಾರಿಗಾಗಿ ಹೊರಟಿದ್ದೆನೋ ಅವಳ ಜಾಗವೇ ನಕ್ಷೆಯ ಹೊರಗೆ ಉಳಿಯಿತು. ಆ ಗದ್ದಲದಲ್ಲಿ ಅದು ನನಗೆ ಹೊಳೆಯಲೂ ಇಲ್ಲ.

ನಾಲ್ಕನೆಯ ದಿನ ಗುರುಮಲ್ಲಪ್ಪನವರ ಮನೆ ಮುಂದಿನ ನಾಲ್ಕನೇ ನಂಬರಿನ ಬೇವು ಇದ್ದ ಜಾಗದಲ್ಲಿ ಇರಲಿಲ್ಲ. ಹತ್ತು ಹದಿನೈದು ಅಡಿ ಪೂರ್ವಕ್ಕೆ, ಐದನೇ ಮನೆಯ ಗಡಿಗೆ ತಾಗಿಕೊಂಡಂತೆ ನಿಂತಿತ್ತು. ಬುಡದ ಮಣ್ಣು ಹದವಾಗಿ ಒತ್ತಲಾಗಿತ್ತು, ನೀರೂ ಬಿದ್ದಿತ್ತು. ನಾನು ಅಳತೆ ತಪ್ಪಿದ್ದೆನೇ ಎಂದು ಹಗ್ಗ ತಂದು ಅಳೆದೆ. ಅಷ್ಟರಲ್ಲಿ ಗುರುಮಲ್ಲಪ್ಪನವರು ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು ಹೊರಗೆ ಬಂದರು. ಅವರ ಮುಖದಲ್ಲಿ ನನಗಿಂತ ಹೆಚ್ಚು ಆಶ್ಚರ್ಯವಿತ್ತು. “ಇದೇನ್ ಮೇಷ್ಟ್ರೇ, ಗಿಡ ನಡ್ಕಂಡ್ ಓಗಿರಂಗದಲ್ಲ! ಮಾದಪ್ಪನ ಮಯ್ಮೆ ಅಂತೀನಿ ನಾನು” ಎಂದರು.

ವಾರ ಕಳೆಯುವುದರೊಳಗೆ ಐದು, ಆರು, ಏಳನೇ ನಂಬರುಗಳಿಗೂ ಮಾದಪ್ಪನ ಮಯ್ಮೆ ಅಂಟಿಕೊಂಡಿತು. ನಾನು ಸ್ಕೂಲಿಗೆ ಹೋಗಿ ಬರುವಷ್ಟರಲ್ಲಿ ಯಾವುದಾದರೂ ಒಂದು ಗಿಡ ಮುಂದೆ ಸಾಗಿರುತ್ತಿತ್ತು. ಎಲ್ಲವೂ ಪೂರ್ವಕ್ಕೇ, ಇಳಿಜಾರಿಗೇ, ಬೆಟ್ಟದ ದಿಕ್ಕಿಗೇ. ಐದನೇ ಮನೆಯ ಮುಂದೆ ಒಂದು ದಿನ ಮೂರು ಗಿಡ ಇದ್ದವು. ಮಾರನೆಯ ದಿನ ಒಂದೂ ಇಲ್ಲ, ಆರನೇ ಮನೆಯ ಮುಂದೆ ನಾಲ್ಕು. ನಮ್ಮ ಮನೆಯ ಮುಂದಿದ್ದ ಮೂರನೇ ನಂಬರಿನ ಹೊಂಗೆಯಂತೂ ಎಲ್ಲಕ್ಕಿಂತ ಚುರುಕು, ಅಷ್ಟರಲ್ಲೇ ಒಂಬತ್ತನೇ ಮನೆ ಮುಟ್ಟಿತ್ತು. ಯಾರನ್ನು ಕೇಳಿದರೂ “ನಾವು ಮುಟ್ಟೇ ಇಲ್ಲ ಮೇಷ್ಟ್ರೇ” ಎನ್ನುವವರೇ. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು, ಬಾಯಲ್ಲಿ ಸತ್ಯ ಹರಿಶ್ಚಂದ್ರ!

ಕಾರಣ ತಿಳಿಯಲು ನನಗೆ ಎರಡು ವಾರ ಹಿಡಿಯಿತು. ಅದನ್ನು ಬಿಡಿಸಿ ಹೇಳಿದವಳು ಒಂಬತ್ತನೇ ಮನೆಯ ಸೊಸೆ. “ಸರ್, ಗಿಡ ಬೇಡ ಅಂತಲ್ಲ. ಮನೆಬಾಗ್ಲ ಎದ್ರುಗೇ ನಟ್ಟಗೆ ಮರ ಬರಬಾರ್ದಂತೆ, ಯಜಮಾನ್ರಿಗೆ ಆಗಲ್ವಂತೆ. ನಮ್ಮತ್ತೆ ಅನ್ನ ನೀರು ಬುಟ್ಟು ಕುಂತವ್ರೆ” ಎಂದಳು. ಆಗ ಹಣೆ ಹಣೆ ಚಚ್ಚಿಕೊಂಡೆ. ಹನ್ನೆರಡು ಸೈಟೂ ಒಂದೇ ಅಳತೆ. ಹನ್ನೆರಡು ಮನೆ ಕಟ್ಟಿಸಿದವರೂ ವಾಸ್ತು ಕೇಳಿ ಬಾಗಿಲನ್ನು ಒಂದೇ ಜಾಗಕ್ಕೆ ಇಡಿಸಿದ್ದಾರೆ. ನಾನು ಮೂವತ್ತು ಅಡಿಗೊಂದರಂತೆ ಕೂದಲೆಳೆ ತಪ್ಪದೆ ಗಿಡ ನೆಟ್ಟು, ಹನ್ನೆರಡು ಬಾಗಿಲಿನ ನೆತ್ತಿಗೂ ನೇರ ಗುರಿಯಿಟ್ಟಿದ್ದೆ! ಅಳತೆಯಲ್ಲಿ ನಾನು ಒಂದಿಷ್ಟು ಸೋಮಾರಿಯಾಗಿದ್ದರೆ ಅರ್ಧ ಗಿಡಗಳಾದರೂ ಬಚಾವಾಗುತ್ತಿದ್ದವು. ಹಾಗಂತ ಬೀದಿಯವರು ಕೆಟ್ಟವರಲ್ಲ. ಕಿತ್ತು ಬಿಸಾಡಲು ಯಾರಿಗೂ ಮನಸ್ಸು ಬರಲಿಲ್ಲ. ಗಿಡ ಸಾಯಿಸಿದರೆ ಪಾಪ, ಎದುರಿಗಿಟ್ಟುಕೊಂಡರೆ ದೋಷ. ಹಾಗಾಗಿ ಮಣ್ಣಿನ ಹೆಂಟೆ ಸಮೇತ ಎತ್ತಿ, ಪಕ್ಕದವರ ಕಡೆಗೆ ನೆಟ್ಟು, ಚೊಂಬು ನೀರು ಹೊಯ್ದು ಕೈ ಮುಗಿದು ಬರುತ್ತಿದ್ದರು.

ಕಾರಣ ತಿಳಿದಮೇಲೆ ಕೋಪ ಇಳಿಯಬೇಕಿತ್ತು. ನನ್ನ ಕೋಪದ ಸ್ವಭಾವವೇ ಬೇರೆ. ಅದಕ್ಕೆ ಕಾರಣ ಸಿಕ್ಕರೆ ಇನ್ನೂ ಉರಿಯುತ್ತದೆ. ನಾಗೇಂದ್ರ ಬರುವ ದಿನ ಹತ್ತಿರವಾಗುತ್ತಿತ್ತು. ಅದೂ ಹೋಗಲಿ, ಮೂಲೆಯಲ್ಲಿ ಚಿಕ್ಕತಾಯಮ್ಮ ದಿನಾ ನನ್ನ ಮುಖ ನೋಡುತ್ತಿದ್ದಳು. ಒಮ್ಮೆ ನಾನು ತಲೆ ಮೇಲೆ ಕೈಹೊತ್ತು ನಿಂತಿದ್ದಾಗ, “ನಮ್ಮೂರಲ್ಲಿ ಆನೆ ಬಂದು ಕೀಳ್ತದೆ ಸಾ. ಇಲ್ಲಿ ಮನ್ಸ್ರೇ ಕೀಳ್ತಾರೆ. ಆನೆನಾರ ಒಟ್ಟೆಗ್ ತಿಂತದೆ” ಎಂದಳು. ಆ ಮಾತು ಕೇಳಿ ನಾನು ಭಾನುವಾರ ಬೆಳಿಗ್ಗೆ ಬೀದಿಯ ಸಭೆ ಕರೆದೇಬಿಟ್ಟೆ.

ನಮ್ಮ ಮನೆ ಜಗಲಿಯ ಮೇಲೆ ಸಭೆ. ಹನ್ನೊಂದು ಮನೆಯವರೂ ಬಂದರು. ಮಹದೇವಮ್ಮ ಕಾಫಿ, ಚುರುಮುರಿ ಕೊಟ್ಟಳು. ಕೊಡುವಾಗ ನನ್ನ ಕಡೆಗೊಮ್ಮೆ ವಿಚಿತ್ರವಾಗಿ ನೋಡಿದಳು. ನಾನು ಗಮನಿಸಲಿಲ್ಲ, ಆವೇಶದಲ್ಲಿದ್ದೆ. ಹೊಂಗೆಯ ಗುಣ ಹೇಳಿದೆ, ಬೇವಿನ ಗುಣ ಹೇಳಿದೆ, ಚಿಕ್ಕತಾಯಮ್ಮನ ಸುಡುವ ನೆತ್ತಿಯ ಬಗ್ಗೆಯೂ ಹೇಳಿದೆ. ಆಮೇಲೆ ಒಳಗಿನಿಂದ ಒಂದು ತಟ್ಟೆ ತಂದು ನಡುವೆ ಇಟ್ಟೆ. ಅದರಲ್ಲಿ ಬೆಟ್ಟದಿಂದ ತಂದ ವಿಭೂತಿ ಗಟ್ಟಿ. ನಮ್ಮ ಸೀಮೆಯಲ್ಲಿ ಜನ ಪೊಲೀಸರಿಗೆ ಸುಳ್ಳು ಹೇಳಿಯಾರು, ಹೆಂಡತಿಗಂತೂ ಹೇಳಿಯೇ ಹೇಳುತ್ತಾರೆ. ಮಾದಪ್ಪನ ವಿಭೂತಿ ಮುಟ್ಟಿ ಸುಳ್ಳು ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ. “ಮೊದಲನೆಯ ಗಿಡ ಕಿತ್ತವರು ಯಾರು? ಆ ಒಬ್ಬರಿಂದ ತಾನೇ ಇಷ್ಟೆಲ್ಲ ಶುರುವಾದದ್ದು? ನಾನಲ್ಲ ಅನ್ನುವವರು ಒಬ್ಬೊಬ್ಬರಾಗಿ ಬಂದು ಮಾದಪ್ಪನ ಆಣೆ ಇಡಿ!” ಎಂದು ಗುಡುಗಿದೆ.

ಜಗಲಿಯ ಮೇಲೆ ಚುರುಮುರಿ ಅಗಿಯುವ ಸದ್ದು ನಿಂತುಹೋಯಿತು. ಗುರುಮಲ್ಲಪ್ಪನವರು ಕಾಫಿ ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡು, ಬಹಳ ವಿನಯದಿಂದ, “ಸರಿಯಾಗ್ ಯೋಳುದ್ರಿ ಮೇಷ್ಟ್ರೇ. ಸಭೆ ಕರುದವ್ರು ನೀವು, ದೊಡ್ಡೋರು. ಮೊದ್ಲು ನೀವೇ ಮುಟ್ಬುಡಿ, ಆಮೇಲ್ ನಾವು” ಎಂದರು.

ಓದುಗರೇ, ನಾನು ಒಂದು ವಿಷಯ ನಿಮ್ಮಿಂದ ಮುಚ್ಚಿಟ್ಟಿದ್ದೆ. ಕಾರಣ ತಿಳಿಯಲು ಎರಡು ವಾರ ಹಿಡಿಯಿತು ಎಂದದ್ದೂ ಪೂರ್ತಿ ನಿಜವಲ್ಲ. ಗಿಡ ನೆಟ್ಟ ಮೂರನೆಯ ದಿನ, ಅಂದರೆ ಗುರುಮಲ್ಲಪ್ಪನವರ ಬೇವು ಹೊರಡುವ ಹಿಂದಿನ ದಿನ, ಚಾಮರಾಜನಗರದಿಂದ ನಮ್ಮ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಬೆಳಿಗ್ಗೆ ರಂಗೋಲಿ ಹಾಕಲು ಹೋದ ಮಹದೇವಮ್ಮ ಒಳಗೆ ಬಂದು, “ಬಾಗ್ಲಿಗೆ ನಟ್ಟನೆಟ್ಟಗೆ ನೆಟ್ಟಿದ್ದೀರಲ್ಲ, ಬಂದವರು ಏನಂದ್ಕೊತಾರೆ?” ಎಂದಳು. ನನಗೆ ವಾಸ್ತುವಿನಲ್ಲಿ ನಂಬಿಕೆಯಿಲ್ಲ. ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಅದರ ವಿರುದ್ಧ ಮಾತಾಡಿ ಇಬ್ಬರ ಜೊತೆ ಮಾತು ಬಿಟ್ಟವನು ನಾನು. ಆದರೂ ಮಗಳ ವಿಷಯ, ಸುಮ್ಮನೆ ಯಾಕೆ ಎಂದುಕೊಂಡು, ಪಕ್ಕದವರು ಬಾಗಿಲು ತೆಗೆಯುವ ಮೊದಲು ಗುದ್ದಲಿ ತಂದು ಮೂರನೇ ನಂಬರಿನ ಹೊಂಗೆಯನ್ನು ಸ್ವಲ್ಪವೇ ಸ್ವಲ್ಪ, ಒಂದೇ ಹದಿನೈದು ಅಡಿ, ಗುರುಮಲ್ಲಪ್ಪನವರ ಕಡೆಗೆ ಸರಿಸಿದೆ. ಚೊಂಬು ನೀರು ಹೊಯ್ದೆ. ಕೈಯನ್ನೂ ಮುಗಿದೆ. ಅವರಿಗೆ ಎರಡು ಗಿಡವಾದವು, ಅವರು ಎರಡನ್ನೂ ಮುಂದಕ್ಕೆ ದಾಟಿಸಿದರು. ಮಿಕ್ಕ ಬೀದಿ ಮೇಷ್ಟ್ರು ಹೇಳಿಕೊಟ್ಟದ್ದನ್ನು ನೋಡಿ ಬರೆಯಿತು.

ತಟ್ಟೆಯ ಕಡೆಗೆ ಕೈ ಚಾಚಿದೆ. ಕೈ ಹೋಗಲಿಲ್ಲ. ನಂಬಿಕೆ ಗಿಂಬಿಕೆ ಎಂದು ನಾನು ಎಷ್ಟು ಹಾರಾಡಿದರೂ ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ಬೆಟ್ಟ ಹತ್ತಿದ ಕಾಲು ಇವು. ಮುಖ್ಯವಾಗಿ, ಮಗಳ ಸಂಬಂಧ ಇನ್ನೂ ಮಾತುಕತೆಯಲ್ಲಿತ್ತು. ಕೆಮ್ಮಿದೆ. ಕನ್ನಡಕ ಒರೆಸಿಕೊಂಡೆ. ಒಳಗಿನಿಂದ ಮಹದೇವಮ್ಮನ ದನಿ ಕೇಳಿತು: “ಒಪ್ಕಬುಡಿ ಅತ್ಲಾಗೆ. ಚುರ್ಮುರಿ ಮೆತ್ತಗಾಯ್ತದೆ.”

ಒಪ್ಪಿಕೊಂಡೆ. ಆಮೇಲೆ ಗುರುಮಲ್ಲಪ್ಪನವರು ಶುರುಮಾಡಿದ ನಗೆ ಹನ್ನೆರಡನೇ ಮನೆಯವರವರೆಗೂ ಹೋಗಿ, ತಿರುಗಿ ನನ್ನ ಹತ್ತಿರ ಬಂದಾಗ ನನಗೂ ತಡೆಯಲಾಗಲಿಲ್ಲ. “ನಾನು ಬೆಳಗಾನೆದ್ದು ನೋಡ್ದೆ, ನಿಮ್ ಒಂಗೆ ನಮ್ ಗಡೀಲಿ ನಿಂತದೆ. ಮೇಷ್ಟ್ರೇ ಮಾಡವ್ರೆ ಅಂದ್ರೆ ಇದೇ ಸರಿಯಾದ ಪದ್ದತಿ ಇರ್ಬೇಕು ಅಂದ್ಕಂಡೆ!” ಎಂದರು ಅವರು. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಪಾಲು ಹೇಳಿಕೊಂಡರು. ಒಬ್ಬರು ಹಿತ್ತಲಿನ ಸಗಣಿ ಗೊಬ್ಬರ ಹಾಕಿಯೇ ದಾಟಿಸಿದ್ದರಂತೆ. ಒಬ್ಬರ ಅತ್ತೆ ದಾಟಿಸುವ ಮೊದಲು ಅರಿಶಿನ ಕುಂಕುಮ ಇಟ್ಟಿದ್ದರಂತೆ, ಮಗಳನ್ನು ಕಳಿಸುವಂತೆ.

“ಈಗೆಲ್ಲಿವೆ ಹನ್ನೆರಡೂ?” ಎಂದು ನಾನು ಕೇಳಿದೆ. ಆ ಗಲಾಟೆಯಲ್ಲಿ ಎರಡು ದಿನದಿಂದ ಕೊನೆಯ ಮನೆಯ ಆಚೆ ಹೋಗಿ ನೋಡಿರಲೇ ಇಲ್ಲ. ಎಲ್ಲರೂ ಎದ್ದು ಹೊರಟೆವು. ಹನ್ನೆರಡನೇ ಮನೆ ದಾಟಿ ಮೂಲೆಗೆ ಬಂದು ನಿಂತೆವು. ಬಿದ್ದ ಹೊಂಗೆ ಬೇರು ಸಮೇತ ಎತ್ತಿಬಿಟ್ಟಿದ್ದ ಕಾಂಕ್ರೀಟಿನ ಚಪ್ಪಡಿಗಳನ್ನು ಯಾರೋ ಪಕ್ಕಕ್ಕೆ ಜೋಡಿಸಿದ್ದರು. ತೆರೆದ ಮಣ್ಣಿನಲ್ಲಿ ಗಿಡಗಳು ಅರ್ಧ ಚಂದ್ರದಂತೆ ಸುತ್ತ ನಿಂತಿದ್ದವು. ಎಣಿಸಿದೆ, ಹತ್ತು. ಎರಡು ದಾರಿಯಲ್ಲಿ ತೀರಿಕೊಂಡಿದ್ದವು. ಅವುಗಳ ತಗಡಿನ ನಂಬರನ್ನು ಕೂಡ ಜೋಪಾನವಾಗಿ ಒಂದು ಕಡ್ಡಿಗೆ ಸಿಕ್ಕಿಸಲಾಗಿತ್ತು. ನಡುವೆ ಚಿಕ್ಕತಾಯಮ್ಮ ಸೊಪ್ಪಿಗೆ ನೀರು ಚಿಮುಕಿಸುವ ಕೈಯಿಂದಲೇ ಮೂರನೇ ನಂಬರಿಗೆ ನೀರು ಚಿಮುಕಿಸುತ್ತಿದ್ದಳು. ಆ ಕಡ್ಡಿ ಮುರಿದ ಕೊಡೆ ಈಗ ಸೊಪ್ಪಿನ ಮೇಲೂ ಇರಲಿಲ್ಲ, ಬಾಡಿದ ಎರಡು ನೇರಳೆ ಸಸಿಗಳ ಮೇಲೆ ಇತ್ತು.

“ಎಲ್ಲಾ ಕಡೆ ತಳ್ಳಿಸ್ಕಂಡು ಇಲ್ಲಿಗಂಟ ಬಂದ್ವು ಸಾ. ನಾನು ಇಟ್ಕಂಡೆ” ಎಂದಳು.

ಹನ್ನೆರಡನೇ ಮನೆಯ ಯಜಮಾನರು ಸಂಕೋಚದಿಂದ, “ಅಲ್ಲಾ ಚಿಕ್ಕತಾಯಮ್ಮ, ಇಷ್ಟೊಂದು ಗಿಡ ಎದುರಿಗಿಟ್ಟುಕೊಂಡು, ನಿನಗೆ ದೋಷದ ಭಯ ಇಲ್ಲವಾ?” ಎಂದರು.

“ನಂಗೆ ಬಾಗ್ಲೇ ಇಲ್ವಲ್ಲ ಸಾಮಿ. ದೋಸ ಎಲ್ಲಿಂದ್ ಒಳೀಕ್ ಬಂದದು?”

ಗುರುಮಲ್ಲಪ್ಪನವರು, ಅಂಗಡಿಯಿಂದ ಜಾಲರಿ ಕಳಿಸುತ್ತೇನೆ, ಬೇಲಿಗಾಗುತ್ತದೆ ಎಂದರು. ಒಂಬತ್ತನೇ ಮನೆಯ ಸೊಸೆ ಬಿಂದಿಗೆ ತರಲು ಓಡಿದಳು. ನಾನು ಬಗ್ಗಿ ಎರಡು ಗಿಡದ ಬುಡ ಸರಿಮಾಡಿದೆ. ಆಗ ಚಿಕ್ಕತಾಯಮ್ಮ ನನಗೊಬ್ಬನಿಗೇ ಕೇಳುವಂತೆ, “ನೀವು ಅವತ್ತು ಗುದ್ಲಿ ತಕಂಡು ಬಂದಾಗ್ಲೇ ನೋಡ್ದೆ ಸಾ, ಇಲ್ಲೇ ಕುಂತಿದ್ನಲ್ಲ. ಯಾರ್‌ಗೂ ಯೋಳ್ನಿಲ್ಲ. ಬತ್ತವೆ, ಬರ್ಲಿ ಅಂತ ಕಾಯ್ತಿದ್ದೆ” ಎಂದಳು.

ನಾಗೇಂದ್ರ ಬಂದು ನೋಡಿ, “ಸಾಲಾಗ್ ನೆಡ್ತೀನಿ ಅಂದಿದ್ರಲ್ಲ ಸಾ?” ಎಂದ. ಇದು ಹೊಸ ಪದ್ಧತಿ, ಗುಂಪು ನಾಟಿ ಎಂದೆ. ಎಂಟನೇ ಕ್ಲಾಸಿನಲ್ಲಿ ಅವನ ಆನೆಗೆ ನಾನು ಮಾರ್ಕು ಕೊಟ್ಟಿದ್ದೆ. ಅವನೂ ಹೆಚ್ಚು ಕೇಳಲಿಲ್ಲ. ಮುಂದಿನ ಮಳೆಗಾಲಕ್ಕೆ ಬೀದಿಯ ಉಳಿದ ಭಾಗಕ್ಕೂ ಗಿಡ ಕೊಟ್ಟ. ಈ ಸಲ ನಾನು ಹಗ್ಗ ಮುಟ್ಟಲಿಲ್ಲ. ಗುರುಮಲ್ಲಪ್ಪನವರೇ ಮನೆ ಮನೆಯ ಗಡಿ ನೋಡಿ, ಯಾವ ಬಾಗಿಲಿಗೂ ಎದುರಾಗದಂತೆ ಅಡ್ಡಾದಿಡ್ಡಿಯಾಗಿ ನೆಡಿಸಿದರು. ಒಂದು ಕಣ್ಣು ಮುಚ್ಚಿ ನೋಡಿದರೆ ಒಂದೂ ಗೆರೆಗೆ ಬರುವುದಿಲ್ಲ. ಆದರೆ ಒಂದು ಗಿಡವೂ ಕದಲಿಲ್ಲ, ನಾನೇನು ಹೇಳಲಿ? ಮಗಳ ಮದುವೆಯೂ ಆಯಿತು. ಅದೂ ಚಾಮರಾಜನಗರದವರ ಜೊತೆಯಲ್ಲ, ಹನೂರಿನವರ ಜೊತೆ. ಅವರ ಮನೆಯ ಬಾಗಿಲಿಗೆ ನೇರವಾಗಿ ಮಾಳಿಗೆಯೆತ್ತರದ ಬೇವಿನ ಮರವಿದೆ. ಬೀಗರು ಎಂಬತ್ತು ದಾಟಿ ಗಟ್ಟಿಯಾಗಿದ್ದಾರೆ.

ಮೂಲೆಯ ಗಿಡಗಳಿಗೆ ಈಗ ಮೂರು ವರ್ಷ. ಮೂರನೇ ನಂಬರಿನ ಹೊಂಗೆಯೂ ಅದರ ಪಕ್ಕದ ನಾಲ್ಕನೇ ನಂಬರಿನ ಬೇವೂ ತಲೆಯ ಮೇಲೆ ಕೊಂಬೆ ತಾಗಿಸಿಕೊಂಡು ಬಾಗಿಲಿನ ಚೌಕಟ್ಟಿನಂತೆ ನಿಂತಿವೆ. ಅವೆರಡರ ನಡುವೆ ಚಿಕ್ಕತಾಯಮ್ಮ ಕೂರುತ್ತಾಳೆ, ಕೊಡೆ ಬಿಟ್ಟಿದ್ದಾಳೆ. ಮೊನ್ನೆ ಬಿಸಿಲಲ್ಲಿ ಸ್ಕೂಲಿನಿಂದ ಬಂದವನು ನೇರ ಅಲ್ಲಿಗೇ ಸ್ಕೂಟರು ನುಗ್ಗಿಸಿ, ಅವಳ ಮುಂದೆ ತಂಪಾಗಿ ನಿಂತುಕೊಂಡು, ಅವಳ ನೆತ್ತಿಯ ಮೇಲೆ ಆಡುವ ಎಲೆನೆರಳನ್ನು ನೋಡಿ ನನ್ನ ಬಗ್ಗೆ ನನಗೇ ಹೆಮ್ಮೆಪಟ್ಟುಕೊಳ್ಳುತ್ತಿದ್ದೆ. ಏನಾದರೂ ಒಳ್ಳೆಯ ಮಾತು ಹೇಳುತ್ತಾಳೆಂದು ಕಾದೆ. ಅವಳು ಸೊಪ್ಪಿನ ಕಟ್ಟು ಎತ್ತಿ ಪಕ್ಕಕ್ಕೆ ಬೀಸಿದಳು.

“ಒಸಿ ಆ ಕಡೀಕ್ ನಿಂತ್ಕಳಿ ಸಾ,” ಎಂದಳು. “ಬಾಗ್ಲಿಗೆ ಎದ್ರು ನಿಂತ್ರೆ ದೋಸ.”